ಮನೆಗಾಡಿಗೆ ನೆಟ್ಟು ಬಂದದ್ದು

ನಿವೃತ್ತರಾದವರು ಮನೆಯಲ್ಲಿ ಕೂತು ಪೇಪರು ಓದುತ್ತಾರೆ, ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುತ್ತಾರೆ, ಸಂಜೆ ವಾಕಿಂಗ್ ಹೋಗಿ ಬರುತ್ತಾರೆ. ನಮ್ಮ ಡ್ರೈವರಿಗೆ ಇದ್ಯಾವುದೂ ಒಗ್ಗಲಿಲ್ಲ. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ಕೂತ ಜಾಗ ಅಲುಗಾಡದಿದ್ದರೆ ಅವನಿಗೆ ಸಮಾಧಾನವೇ ಇರಲಿಲ್ಲ. ಕೊನೆಗೆ ಒಂದು ಹಳೆಯ ವ್ಯಾನು ಹಿಡಿದು, ಅದರೊಳಗೆ ಮಂಚ, ಒಲೆ, ಮಡಚುವ ಮೇಜು, ಬಚ್ಚಲು ಎಲ್ಲ ಕೂರಿಸಿ ಮನೆಗಾಡಿ ಮಾಡಿಸಿದ. ಊರೂರು ಸುತ್ತುವುದು, ಇಂಥ ಗಾಡಿಗಳಿಗೆಂದೇ ಇರುವ ತಂಗುದಾಣಗಳಲ್ಲಿ ನಿಲ್ಲುವುದು, ಬೇಸರ ಬಂದರೆ ಮುಂದಿನ ಊರಿಗೆ ಎದ್ದುಬಿಡುವುದು. ಮೂರು ದಿನ ಒಂದೇ ಕಡೆ ನಿಂತರೆ ನಾಲ್ಕನೆಯ ದಿನ ಅವನಿಗೆ ಮೈ ಬೆಚ್ಚಗಾಗುತ್ತಿತ್ತು.

ಹೆಂಡತಿ ಅದೇ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಡ್ಯೂಟಿಯ ಮೇಲೆ ಇಬ್ಬರ ನಡುವೆ ಇದ್ದದ್ದು ಎರಡೇ ಮಾತು. ಅವಳು "ರೈಟ್" ಅಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಬೇಕು. ಮೂರನೆಯ ವರ್ಷ ಡಿಪೋದ ನೀರಿನ ಡ್ರಮ್ಮಿನ ಪಕ್ಕ ನಿಂತು, "ನನ್ನ ಮದುವೆ ಆಗ್ತೀರಾ?" ಎಂದು ಅವನು ಕೇಳಿದಾಗಲೂ ಅವಳು ಹೇಳಿದ್ದು "ರೈಟ್" ಅಂತಲೇ.

ಕಂಡಕ್ಟರಮ್ಮನಿಗೆ ಸುತ್ತಾಟ ಬೇಡವೆಂದೇನೂ ಇರಲಿಲ್ಲ. ಆದರೆ ಕೈಕಟ್ಟಿ ಕೂತು ಕಿಟಕಿಯಾಚೆ ಮರ ಎಣಿಸುವ ಹೆಂಗಸಲ್ಲ ಅವಳು. ಒಂದು ಬಸ್ ಕಂಪನಿಯ ಸಹಾಯವಾಣಿಗೆ ಜನ ಬೇಕಾಗಿದ್ದಾರೆ, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಪ್ರಯಾಣಿಕರ ಪ್ರಶ್ನೆಗೆ ಉತ್ತರ ಹೇಳಿದರಾಯಿತು ಎಂದು ಗೊತ್ತಾದದ್ದೇ ಅರ್ಜಿ ಹಾಕಿಬಿಟ್ಟಳು. ಬಸ್ಸಿನ ವಿಷಯದಲ್ಲಿ ಅವಳಿಗೆ ಸಮ ಯಾರಿದ್ದಾರೆ? ಅವರು ಹಾಕಿದ ಷರತ್ತು ಒಂದೇ: ನೆಟ್ಟು ಮಧ್ಯೆ ಕೈಕೊಡಬಾರದು.

ಮೊದಲ ಪರೀಕ್ಷೆಗೆ ತಂಗುದಾಣದ ಪುಕ್ಕಟೆ ವೈಫೈಯನ್ನು ನಂಬಿದರು. ಅಕ್ಕಪಕ್ಕದ ಗಾಡಿಯವರೆಲ್ಲ ಅದೇ ವೈಫೈಯಲ್ಲಿ ಸಿನಿಮಾ ನೋಡುತ್ತಿದ್ದರು. ಕಂಪ್ಯೂಟರಿನ ಪರದೆಯಲ್ಲಿ ಪರೀಕ್ಷೆ ಮಾಡುವ ಮೇಡಂ "ನಿಮ್ಮ ಅನುಭವ..." ಎನ್ನುತ್ತಾ ಬಾಯಿ ತೆರೆದವರು ಹಾಗೇ ತೆರೆದುಕೊಂಡು ನಿಂತುಬಿಟ್ಟರು, ಐದು ನಿಮಿಷ ಆ ಬಾಯಿ ಮುಚ್ಚಲಿಲ್ಲ. ಎರಡನೆಯ ಸಲ ಮೊಬೈಲಿನಿಂದ ನೆಟ್ಟು ಎಳೆದರು. ಗಾಡಿಯೊಳಗೆ ಸಿಗ್ನಲ್ಲು ಒಂದು ಕಡ್ಡಿ, ಹೊರಗೆ ಮೂರು ಕಡ್ಡಿ. ಹಾಗಾಗಿ ಡ್ರೈವರು ಮೊಬೈಲು ಹಿಡಿದು ಗಾಡಿಯ ನೆತ್ತಿಯ ಮೇಲೆ ನಿಂತ. ಅಷ್ಟರಲ್ಲಿ ಅದೇ ಮೊಬೈಲಿಗೆ ಭಾವಮೈದನ ಫೋನು ಬಂತು, ಇವನು ಅಭ್ಯಾಸಬಲದಿಂದ "ಹಲೋ" ಅಂದ, ಕೆಳಗೆ ಮೇಡಂ ಮಾಯವಾದರು.

"ಬುಧವಾರ ಹನ್ನೊಂದು ಗಂಟೆಗೆ ಕೊನೇ ಅವಕಾಶ," ಎಂದು ಮೇಡಂ ಬರೆದು ಕಳಿಸಿದರು. "ಒಂದು ಗಂಟೆ, ನಿಜವಾದ ಕರೆಗಳು. ನಾನು ವಿಡಿಯೋದಲ್ಲಿ ನೋಡ್ತಿರ್ತೀನಿ. ಒಂದ್ಸಲ ಕಟ್ ಆದ್ರೂ ಅಷ್ಟೇ."

ಅವತ್ತು ಸಂಜೆ ಕಂಡಕ್ಟರಮ್ಮ ದನಿ ಏರಿಸಲಿಲ್ಲ. ಏರಿಸಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

"ಇದೂ ಕೈತಪ್ಪಿದ್ರೆ ಗಾಡಿ ಮಾರಿಬಿಡೋಣ ಕಣ್ರೀ. ತಮ್ಮನ ಮನೆ ಮಹಡಿ ಮೇಲಿನ ರೂಮು ಖಾಲಿ ಇದೆ. ಅಲ್ಲಾದ್ರೂ ಕೆಲಸ ಮಾಡ್ಕೊಂಡು ಇರ್ತೀನಿ."

ಭಾವಮೈದನ ಮನೆಯಲ್ಲಿ ಅಂಗಳಕ್ಕೊಂದು, ಒಳಕ್ಕೊಂದು, ಬಚ್ಚಲಿಗೊಂದು ಎಂದು ಚಪ್ಪಲಿ ಮೂರು ಕಡೆ ಬಿಡಬೇಕು. ಫೋನು ಮಾಡಿದಾಗಲೆಲ್ಲ ಆತ "ನಮ್ಮಲ್ಲಿ ವೈಫೈ ಮೂಲೆ ಮೂಲೆಗೂ ಬರುತ್ತೆ ಭಾವ" ಎಂದು ಕೊಚ್ಚಿಕೊಳ್ಳುತ್ತಿದ್ದ. ಅಲುಗಾಡದ ಆ ರೂಮಿನಲ್ಲಿ ಸಾಯುವವರೆಗೂ ಕೂರುವುದನ್ನು ನೆನೆದೇ ಡ್ರೈವರಿಗೆ ಮೈ ಬಿಸಿಯಾಯಿತು.

ಮರುದಿನ ಬೆಳಗ್ಗೆಯೇ ಪೇಟೆಯಲ್ಲಿ ವಿಚಾರಿಸಿ ಒಬ್ಬಳನ್ನು ಕರೆತಂದ. ಊರಿನವರು ಅವಳನ್ನು ಆಂಟೆನಾ ಅಕ್ಕ ಎನ್ನುತ್ತಿದ್ದರು. ಬಂದವಳು ಗಾಡಿಯ ಮೈಗೆ ಬೆರಳು ಮಡಚಿ ಎರಡು ಸಲ ಬಡಿದಳು.

"ತಗಡಿನ ಡಬ್ಬಿಯೊಳಗೆ ಕೂತ್ಕೊಂಡು ಸಿಗ್ನಲ್ ಬರಲ್ಲ ಅಂದ್ರೆ ಹೇಗಣ್ಣ? ಕಿವಿಗೆ ಹತ್ತಿ ಇಟ್ಕೊಂಡು ಹಾಡು ಕೇಳಿಸಲ್ಲ ಅಂದಂಗಾಯ್ತು. ಆಂಟೆನಾ ಹೊರಗಿರ್ಬೇಕು, ಮೇಲಿರ್ಬೇಕು."

ಗಾಡಿಯ ನೆತ್ತಿಗೆ ಬೋರಲು ಹಾಕಿದ ಬಟ್ಟಲಿನಂಥ ಒಂದು ಆಂಟೆನಾ ಕೂರಿಸಿದಳು. ವೈರನ್ನು ಒಳಗಿಳಿಸಿ, ಡ್ರೈವರ್ ಸೀಟಿನ ಮುಂದಿನ ಹಲಗೆಯ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟು, ಅದಕ್ಕೆ ಎರಡು ಬೇರೆ ಬೇರೆ ಕಂಪನಿಯ ಸಿಮ್ಮು ಹಾಕಿದಳು. ಒಂದು ಸಿಮ್ಮು ಸುಸ್ತಾದರೆ ಡಬ್ಬಿ ತಾನಾಗಿ ಇನ್ನೊಂದನ್ನು ಹಿಡಿಯುತ್ತದಂತೆ. ಡಬ್ಬಿಯ ನೆತ್ತಿಯಲ್ಲಿ ಒಂದು ದೀಪ.

"ಹಸಿರಿದ್ರೆ ಚೆನ್ನಾಗಿದೆ. ಹಳದಿ ಅಂದ್ರೆ ಹುಷಾರು. ಕೆಂಪು ಅಂದ್ರೆ ಮುಗೀತು."

ಇಷ್ಟು ದಿನ ನೆಟ್ಟು ಅಂದರೇನೆಂದೇ ತಿಳಿಯದಿದ್ದ ಡ್ರೈವರಿಗೆ ಒಮ್ಮೆಲೇ ಎಲ್ಲ ತಿಳಿದುಹೋಯಿತು. "ಇದನ್ನ ಮೊದಲೇ ಹೇಳ್ಬಾರ್ದಾ? ಈ ಸಿಗ್ನಲ್ಲು ನಂಗೊತ್ತಲ್ಲ!" ಎಂದ.

ಬುಧವಾರ ಹತ್ತು ಗಂಟೆಗೆ ತಂಗುದಾಣದಲ್ಲಿ ಕರೆಂಟು ಹೋಯಿತು. ಕಂಡಕ್ಟರಮ್ಮ ತಲೆಯ ಮೇಲೆ ಕೈಹೊತ್ತಳು. ಆಂಟೆನಾ ಅಕ್ಕನಿಗೆ ಫೋನು ಮಾಡಿದಾಗ ಅವಳು, "ಹೆದರ್ಬೇಡಿ, ಗಾಡಿ ಸ್ಟಾರ್ಟ್ ಮಾಡಿ ಇಡಿ. ಇಂಜಿನ್ ಓಡ್ತಿದ್ರೆ ಡಬ್ಬಿಗೆ ಕರೆಂಟು ಸಿಗುತ್ತೆ," ಎಂದಳು. ಡ್ರೈವರು ಹೊರಗಿನ ಕರೆಂಟಿನ ವೈರು ಕಿತ್ತು ಸುತ್ತಿಟ್ಟು, ಇಂಜಿನ್ ಶುರು ಮಾಡಿ ತನ್ನ ಸೀಟಿನಲ್ಲೇ ಕೂತ. ಮೇಜು ಹೆಂಡತಿಯ ಆಫೀಸಾಗಿತ್ತು. ಅವನಿಗೆ ಕೂರಲು ಬೇರೆ ಜಾಗವಾದರೂ ಎಲ್ಲಿತ್ತು?

"ಕೆಮ್ಮಬೇಡಿ, ಏಳಬೇಡಿ, ಏನೂ ಮುಟ್ಟಬೇಡಿ," ಎಂದು ಹೇಳಿ ಅವಳು ಕಿವಿಗೆ ಹೆಡ್‌ಫೋನು ಏರಿಸಿದಳು.

ಹನ್ನೊಂದಕ್ಕೆ ಸರಿಯಾಗಿ ಮೊದಲ ಕರೆ ಬಂತು. ಆ ಕಡೆಯವರ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ, ಹೆಂಡತಿಯದು ಮಾತ್ರ ಕೇಳಿಸುತ್ತಿತ್ತು.

"ನಮಸ್ಕಾರ, ಪ್ರಯಾಣಿಕರ ಸಹಾಯವಾಣಿ. ಹೇಳಿ ಸಾರ್... ಹೌದು, ಅದು ಆಸ್ಪತ್ರೆಗೆ ಹೋಗೋ ಬಸ್ಸೇ... ನೀವು ಎದುರುಗಡೆ ಸ್ಟಾಪಲ್ಲೇ ನಿಂತಿದ್ದೀರಾ? ರೈಟ್! ರೈಟ್, ರೈಟ್!"

ಡ್ರೈವರನ ಎಡಗಾಲು ಕ್ಲಚ್ಚು ತುಳಿಯಿತು. ಎಡಗೈ ಗೇರು ಹಾಕಿ ಹ್ಯಾಂಡ್‌ಬ್ರೇಕು ಇಳಿಸಿತು. ಈ ಕೆಲಸದಲ್ಲಿ ಅವನ ತಲೆಯ ಪಾತ್ರ ಏನೇನೂ ಇರಲಿಲ್ಲ. ಗಾಡಿ ಗಂಭೀರವಾಗಿ ಹೊರಟಿತು. ತಂಗುದಾಣದ ಕಾವಲುಗಾರ ಗೇಟು ಎತ್ತಿ ಸೆಲ್ಯೂಟು ಹೊಡೆದ, ಇವನೂ ತಿರುಗಿ ಹೊಡೆದ.

ದೊಡ್ಡ ರಸ್ತೆಗೆ ಬಂದಮೇಲೆ ಅವನಿಗೆ ತಾನು ಏನು ಮಾಡಿದೆನೆಂದು ಹೊಳೆದು ಜೀವ ಬಾಯಿಗೆ ಬಂತು. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಒಂದು ಕೈಯಲ್ಲಿ ಕಂಪ್ಯೂಟರನ್ನೂ ಇನ್ನೊಂದರಲ್ಲಿ ಮೇಜನ್ನೂ ಹಿಡಿದುಕೊಂಡು, ಕಣ್ಣಲ್ಲೇ ಅವನನ್ನು ಸುಡುತ್ತಾ, ಸಕ್ಕರೆಯಂಥ ದನಿಯಲ್ಲಿ ಮಾತಾಡುತ್ತಿದ್ದಳು. ನಿಲ್ಲಿಸೋಣವೆಂದರೆ ಹಿಂದೆ ಸಾಲುಗಟ್ಟಿ ವಾಹನ. ಆದರೆ ಡಬ್ಬಿಯ ದೀಪ ಹಸಿರಾಗೇ ಇತ್ತು. ಹಸಿರಿರುವಾಗ ನಿಲ್ಲಿಸುವವನು ಎಂಥ ಡ್ರೈವರು? ಮೊಟ್ಟೆ ಹೊತ್ತವನ ಹಾಗೆ ಮೆಲ್ಲಗೆ ಓಡಿಸುತ್ತಾ ಹೋದ. ಎಲ್ಲ ಸರಿಯಾಗಿಯೇ ಇತ್ತು, ಹಿಂದಿನಿಂದ ಆ ಮಾತು ಬರುವವರೆಗೆ.

"ಒಂದ್ನಿಮಿಷ ಹೋಲ್ಡಾನ್ ತಾಯಿ, ಟೈಮ್ ನೋಡಿ ಹೇಳ್ತೀನಿ."

ಗಾಡಿ ಗಕ್ಕೆಂದು ನಿಂತಿತು. ನಿಂತದ್ದಾದರೂ ಎಲ್ಲಿ? ಮೇಲುಸೇತುವೆಯ ಕೆಳಗೆ, ನೆತ್ತಿಯ ಮೇಲೆ ಆರಡಿ ದಪ್ಪದ ಕಾಂಕ್ರೀಟು. ದೀಪ ಹಳದಿಯಾಯಿತು, ಮಿಣಕ್ ಮಿಣಕ್ ಎಂದು ಕೆಂಪಾಯಿತು. ಹಿಂದಿನವರು ಹಾರ್ನು ಬಾರಿಸತೊಡಗಿದರು. ಮುಂದೆ ಹೋಗಲು ಡ್ರೈವರನ ತಲೆ ಹೇಳುತ್ತಿತ್ತು, ಕಾಲು ಮಾತ್ರ ಒಪ್ಪುತ್ತಿರಲಿಲ್ಲ. ಕಾಲಿಗೆ ಆರ್ಡರು ಬರಬೇಕಾದದ್ದು ಹಿಂದಿನಿಂದ.

ಹೆಂಡತಿಗೆ ಎಲ್ಲ ಅರ್ಥವಾದದ್ದು ಕನ್ನಡಿಯಲ್ಲಿ ಅವಳ ಮುಖ ನೋಡಿದರೇ ತಿಳಿಯಿತು. ಅವಳು ಗಂಟಲು ಬಿಚ್ಚಿ ಕೂಗಿದಳು:

"ರೈಟ್! ರೈಟ್ ರೈಟ್ ರೈಟ್! ...ಅಯ್ಯೋ ಇಲ್ಲ ತಾಯಿ, ನಿಮಗಲ್ಲ ಅಂದದ್ದು. ನಿಮ್ಮ ಬಸ್ಸು ಹನ್ನೊಂದೂ ನಲವತ್ತಕ್ಕೆ."

ಗಾಡಿ ಸೇತುವೆಯ ಕೆಳಗಿನಿಂದ ಚಿಮ್ಮಿತು. ದೀಪ ಕೆಂಪು, ಕೆಂಪು, ಹಳದಿ, ಆಮೇಲೆ ಹಸಿರು. ನಡುವೆ ಕಟ್ ಆಯಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಕೇಳುವಂತೆಯೂ ಇರಲಿಲ್ಲ. ಮುಂದೆ ಸಿಕ್ಕ ಬಯಲಿನಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ತಂದು, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ, ಪಾದಗಳನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಆಮೇಲೆ ಅವಳು ಏಳು ಸಲ ರೈಟ್ ಅಂದಳು. ಏಳು ಸಲವೂ ಕಾಲು ಕೊಸರಾಡಿತು, ಅವನು ಬಿಡಲಿಲ್ಲ.

ಹನ್ನೆರಡಕ್ಕೆ ಅವಳು ಹೆಡ್‌ಫೋನು ಕಿತ್ತು ಮೇಡಂ ಮಾತನ್ನು ಗಟ್ಟಿಯಾಗಿ ಕೇಳುವಂತೆ ಮಾಡಿದಳು.

"ಹನ್ನೊಂದೂ ಇಪ್ಪತ್ತರಲ್ಲಿ ಲೈನು ಸ್ವಲ್ಪ ಮಂಕಾಯ್ತು. ಕಟ್ ಆಗ್ಲಿಲ್ಲ," ಎಂದರು ಮೇಡಂ. "ಒಂದು ವಿಷಯ ಕೇಳ್ಬೇಕು. ನಿಮ್ಮ ಹಿಂದೆ ಕಟ್ಟಡಗಳು ಓಡ್ತಾ ಇದ್ವಲ್ಲ?"

"ನಮ್ಮ ಮನೆಯವ್ರು ಗಾಡಿ ಎತ್ತಿಬಿಟ್ರು ಮೇಡಂ. ಸುಳ್ಳು ಹೇಳಲ್ಲ."

ಮೇಡಂ ಮುಖ ಮತ್ತೆ ನಿಂತುಹೋಯಿತೇನೋ ಅನ್ನಿಸಿತು. ಇಲ್ಲ, ನಗು ತಡೆಯುತ್ತಿದ್ದರು.

"ಕೆಲಸ ನಿಮ್ದೇ. ಆದ್ರೆ ನಾಳೆಯಿಂದ ಹತ್ತರಿಂದ ಐದರವರೆಗೆ, ವಾರಕ್ಕೆ ಆರು ದಿನ, ಆ ಗಾಡಿ ಒಂದಿಂಚೂ ಅಲ್ಲಾಡಬಾರ್ದು."

ಗಾಡಿ ಉಳಿಯಿತು! ಡ್ರೈವರಿಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಪಾದದಿಂದ ತಲೆಗೆ ಏರುವಷ್ಟರಲ್ಲಿ ಮೇಡಂ ಮಾತಿನ ಉಳಿದರ್ಧ ತಲೆಗೆ ಹೊಕ್ಕಿತು. ಓಡುವ ಗಾಡಿ ಉಳಿಸಿಕೊಳ್ಳಲು ಹೋಗಿ ನಿಂತ ಗಾಡಿ ಸಂಪಾದಿಸಿದ್ದ.

ಹೆಂಡತಿ ಮುಂದೆ ಬಂದು ಅವನ ಪಕ್ಕ ನಿಂತಳು. "ನಿಮ್ಮ ಕೈಲಾಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಹೇಳಿ. ನಿಮ್ಮನ್ನ ಕಟ್ಟಿಹಾಕಿ ನಾನು ಕೆಲಸ ಮಾಡಲ್ಲ."

ಅವನು ರಸ್ತೆಯನ್ನೇ ನೋಡಿದ. ಅವನ ಜೊತೆ ಅಷ್ಟೂ ವರ್ಷ ಅವಳು ನಿಂತೇ ಬಂದವಳು. ಅವನು ಬ್ರೇಕು ಹಾಕಿದಾಗಲೆಲ್ಲ ತೂರಾಡಿದವಳು, ಈಗ ಎರಡು ವರ್ಷದಿಂದ ಅವನು ಹೋದಲ್ಲೆಲ್ಲ ಹೋದವಳು. ಅದನ್ನು ಈವರೆಗೆ ಒಮ್ಮೆಯೂ ಯೋಚಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. "ಕೂತಿರ್ತೀನಿ ಬಿಡು," ಎಂದ.

ಮರುದಿನ ಹತ್ತು ಗಂಟೆಗೆ ತಂಗುದಾಣದಲ್ಲಿ ಅವಳು ಕೆಲಸಕ್ಕೆ ಕೂತಳು. ಅವನು ಅರ್ಧ ಗಂಟೆ ಗಾಜಿನಾಚೆಯ ಒಂದೇ ಗೋಡೆಯನ್ನು ನೋಡಿದ. ಸೀಟಿನ ಕೆಳಗೆ ಕೈಗೆ ಏನೋ ಹಿಡಿಕೆ ಸಿಕ್ಕಿತು. ಮನೆಗಾಡಿಗಳ ಸೀಟು ಹಿಂದಕ್ಕೂ ತಿರುಗುತ್ತದೆ. ಡ್ರೈವರಾದವನು ರಸ್ತೆಗೆ ಬೆನ್ನು ಮಾಡುವುದುಂಟೇ ಎಂದು ಅವನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಎಳೆದ. ಸೀಟು ಕಿರ್ರೆನ್ನುತ್ತಾ ತಿರುಗಿ ಅವನನ್ನು ಹೆಂಡತಿಯ ಎದುರಿಗೆ ತಂದು ಕೂರಿಸಿತು.

ಅವಳು ಯಾರಿಗೋ ದಾರಿ ಹೇಳುತ್ತಿದ್ದಳು. ದಾರಿ ತಪ್ಪಿದವರ ಆತಂಕ ಅವಳ ಹುಬ್ಬಿನಲ್ಲೂ ಕಾಣುತ್ತಿತ್ತು. ಅವರಿಗೆ ದಾರಿ ತಿಳಿದಾಗ ಇವಳ ಮುಖವೂ ಅರಳಿತು. ಕರೆ ಮುಗಿಸಿದವಳು ಅವನು ರೆಪ್ಪೆ ಬಡಿಯದೆ ನೋಡುತ್ತಿರುವುದನ್ನು ಕಂಡಳು.

"ಏನ್ರೀ ಹಾಗ್ ನೋಡ್ತಿದ್ದೀರಿ?"

"ಇಪ್ಪತ್ತಾರು ವರ್ಷ ನನ್ನ ಹಿಂದೆ ಏನು ನಡೀತಿತ್ತು ಅಂತ ನೋಡ್ತಿದ್ದೀನಿ ಕಣೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಕರೆ ತೆಗೆದುಕೊಂಡಳು.