ಸುಶೀಲಮ್ಮನವರ ಭಾನುವಾರದ ಕೊಲೆಗಾರರು

ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಸುಶೀಲಮ್ಮನವರಿಗೆ ಜಗತ್ತಿನ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಕೇಳಿಸಿಕೊಳ್ಳುತ್ತಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗನ ಮನೆಗೆಂದು ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದರೆ ಇಲ್ಲಿ ಮಗ ಸುಹಾಸ್, ಸೊಸೆ ಮಧುಮತಿ ಇಬ್ಬರೂ ಬೆಳಿಗ್ಗೆ ಟ್ರಾಮ್ ಹಿಡಿದು ಹೋದರೆ ಸಂಜೆಯೇ ಬರುವುದು. ಅಂಗಡಿಯವನಿಗೆ ಟೊಮೆಟೊ ಸರಿಯಾಗಿ ಹಣ್ಣಾಗಿಲ್ಲ ಎಂದು ಹೇಳೋಣವೆಂದರೆ ಜರ್ಮನ್ ಬಾರದು. ಬಂದ ಐದು ವಾರದಲ್ಲಿ ಅವರು ಬಾಯಿತುಂಬ ಮಾತಾಡುತ್ತಿದ್ದದ್ದು ಭಾನುವಾರ ಸಂಜೆ ಮಾತ್ರ, ಅದೂ ಟೀವಿಯ ಜೊತೆ.

ಭಾನುವಾರ ಎಂಟೂಕಾಲಿಗೆ ಪತ್ತೇದಾರಿ ಧಾರಾವಾಹಿ. ಅರ್ಧ ಊರೇ ಅದರ ಮುಂದೆ ಕೂರುತ್ತದೆ. ಮೇ ತಿಂಗಳಲ್ಲಿ ಆ ಹೊತ್ತಿಗೆ ಹೊರಗೆ ಇನ್ನೂ ಬಿಸಿಲು. ಹಾಡಹಗಲಲ್ಲಿ ಹೆಣ ನೋಡುವುದು ಸುಶೀಲಮ್ಮನವರಿಗೆ ಮೊದಲು ಸರಿಬರಲಿಲ್ಲ. ಎರಡನೇ ವಾರಕ್ಕೆ ಹುಚ್ಚು ಹಿಡಿಯಿತು. ಒಂದು ಮಾತೂ ಅರ್ಥವಾಗದ ಕಾರಣ ಅವರು ಹೆಸರುಗಳನ್ನಷ್ಟೇ ಹಿಡಿದುಕೊಂಡು, ಉಳಿದ ಮಾತಿನ ಗೋಜಿಗೇ ಹೋಗದೆ ಪಾತ್ರಗಳ ಕೈ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಚೀಟಿ ತಂದವರನ್ನು ಹಿಡಿಯುತ್ತಿದ್ದದ್ದೂ ಹಾಗೆಯೇ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಬಾಯಿ ಸುಳ್ಳು ಹೇಳುತ್ತೆ ಕಣೇ ಮಧು, ಕೈಗೆ ಅದು ಬರಲ್ಲ," ಎನ್ನುತ್ತಿದ್ದರು.

ಎಂಟೂ ನಲವತ್ತಕ್ಕೆ ತೀರ್ಪು ಹೊರಬೀಳುತ್ತಿತ್ತು, ಕೊನೇ ಬೆಂಚಿಗೂ ಕೇಳಿಸುವ ದನಿಯಲ್ಲಿ. "ಹಾಫ್‌ಮನ್! ಹಾಫ್‌ಮನ್ನೇ ಕೊಂದಿರೋದು! ಪೊಲೀಸ್ನೋರು ಬಂದಾಗ ತೊಳೆದ ಲೋಟಾನೇ ಯಾಕೆ ಇನ್ನೊಂದ್ಸಲ ತೊಳೆದ?" ಒಂದು ಗಂಟೆ ಕಳೆದ ಮೇಲೆ ಹಾಫ್‌ಮನ್ನನ ಕೈಗೆ ಕೋಳ ಬಿತ್ತು. ನಾಲ್ಕು ಭಾನುವಾರ, ನಾಲ್ಕೂ ಸರಿ.

ಮಾರನೆಯ ದಿನ ಅಂಚೆಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ, ನಿವೃತ್ತ ಪೋಸ್ಟ್‌ಮನ್ ಹೆರ್ ಕ್ರ್ಯೂಗರ್ ಬರೆದದ್ದು: 'ಭಾನುವಾರ ಸಂಜೆಯ ವಿಷಯ. ಇದು ಹೀಗೇ ಮುಂದುವರಿಯಬಾರದು. ಬರುವ ಭಾನುವಾರ ಎಂಟಕ್ಕೆ ಬಂದು ಮಾತಾಡುತ್ತೇನೆ.'

ಸುಹಾಸನ ಜೀವ ಬಾಯಿಗೆ ಬಂತು. ಹಿಂದೊಮ್ಮೆ ಭಾನುವಾರ ಮಿಕ್ಸಿಯಲ್ಲಿ ಚಟ್ನಿ ರುಬ್ಬಿ ಎದುರುಮನೆಯವರಿಂದ ದೂರು ಬಂದಿತ್ತು. "ಅಮ್ಮ, ಇಲ್ಲಿ ಭಾನುವಾರ ಗಲಾಟೆ ಮಾಡೋ ಹಂಗಿಲ್ಲ. ಅರವತ್ತು ಕಡೆ ಅಪ್ಲೈ ಮಾಡಿ ಸಿಕ್ಕಿರೋ ಮನೆ ಇದು. ಓನರ್‌ಗೆ ಕಂಪ್ಲೇಂಟ್ ಹೋಗಿ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?"

"ನನ್ನ ಬಾಯಿಂದ ನಿಮ್ಮ ಮನೆ ಹೋಗೋದು ಬೇಡಪ್ಪ," ಎಂದರು ಸುಶೀಲಮ್ಮ. ಅಂದಿನಿಂದ ಅಡಿಗೆಮನೆಯಲ್ಲೂ ಪಿಸುಮಾತು.

ಇನ್ನು ಪತ್ತೇದಾರಿಯ ಬದಲಿಗೆ ಇದಿರಲಿ ಎಂದು ಆ ವಾರವೇ ಒಂದು ಸಂಜೆ ಸುಹಾಸ್ ಲ್ಯಾಪ್‌ಟಾಪಿನಲ್ಲಿ ಒಂದು ಲೈಟಾದ ಕನ್ನಡ ರೊಮ್ಯಾಂಟಿಕ್ ಕಾಮಿಡಿ ಹಾಕಿ, ಅಮ್ಮನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಇದರಲ್ಲಿ ಕಿರುಚುವಂಥದ್ದು ಏನೂ ಇಲ್ಲವೆಂದು ಅವನ ಲೆಕ್ಕ.

ಅರ್ಧ ಗಂಟೆಗೇ ಸುಶೀಲಮ್ಮ ಹೆಡ್‌ಫೋನ್ ಕೆಳಗಿಟ್ಟರು. "ಕೇಕಿನ ಅಂಗಡೀಲಿ ಇಬ್ಬರೂ ಜಗಳ ಆಡಿದ್ರು. ಅಲ್ಲಿಗೆ ಮದುವೆ ಗ್ಯಾರಂಟಿ. ಜಗಳದಿಂದ ಶುರುವಾದದ್ದು ಇನ್ನೆಲ್ಲಿ ಮುಗಿಯುತ್ತೆ? ಅದನ್ನ ಹೇಳೋಕೆ ಎರಡು ಗಂಟೆ ಯಾಕೆ ಬೇಕು? ಹುಡುಗ ಏನು ಕೆಲಸ ಮಾಡ್ತಾನೆ ಅಂತ ಒಬ್ಬರಾದ್ರೂ ಕೇಳಿದ್ರಾ? ಮೂರ್ಮೂರು ಸಲ ಮಳೇಲಿ ನೆನೀತಾರೆ, ಒಬ್ಬರೂ ಒಂದ್ಸಲಾನೂ ಸೀನಲ್ಲ!"

ಇಷ್ಟನ್ನೂ ಅವರು ಪಿಸುದನಿಯಲ್ಲೇ ಹೇಳಿದರು. ಗುಡುಗುವ ಅತ್ತೆ ಹೀಗೆ ಗುಟ್ಟು ಹೇಳುವವರಂತೆ ಬೈಯುವುದನ್ನು ಕಂಡು ಮಧುಮತಿ ಹೋಗಿ ಅವರ ಪಕ್ಕ ಕೂತಳು.

ಭಾನುವಾರ ಬಂತು. ಸುಹಾಸ್ ಇಸ್ತ್ರಿ ಮಾಡಿದ ಶರ್ಟು ಹಾಕಿ ನಿಂತ. ಮಧುಮತಿ ಕ್ಯಾರೆಟ್ ಹಲ್ವಾ ಮಾಡಿಟ್ಟಳು. ಸುಶೀಲಮ್ಮ ಸೋಫಾದ ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತರು. ಎಂಟು ಹೊಡೆಯುತ್ತಲೇ ಹೆರ್ ಕ್ರ್ಯೂಗರ್ ಹಾಜರು. ಸುಹಾಸ್ ಅವರಿಗೆ ಮಾತು ತೆಗೆಯಲೂ ಬಿಡದೆ ಮೂರು ಸಲ ಕ್ಷಮೆ ಕೇಳಿದ. ಮುದುಕರು ಕೈಯೆತ್ತಿ ಅವನನ್ನು ತಡೆದು, ಜೇಬಿನಿಂದ ಕಾಗದ ತೆಗೆದು ಓದಿದರು.

"ಷುಲ್ಟ್ಸ್. ಲಾಂಗೆ. ಫೋಗೆಲ್. ಹಾಫ್‌ಮನ್."

ಯಾರಿಗೂ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರು ಜರ್ಮನ್‌ನಲ್ಲಿ ಒಂದೇ ಉಸಿರಿಗೆ ಏನೇನೋ ಹೇಳಿದರು. ಕೇಳುತ್ತ ಕೇಳುತ್ತ ಸುಹಾಸನ ಬಾಯಿ ತೆರೆದೇ ಉಳಿಯಿತು.

"ಅಮ್ಮ, ಗಲಾಟೆ ಬಗ್ಗೆ ಅಲ್ವಂತೆ. ಬಾಲ್ಕನಿ ಬಾಗಿಲು ತೆಗ್ದಿಟ್ಟು ಟೀವಿ ನೋಡ್ತಾರಂತೆ. ಇಪ್ಪತ್ತೈದು ನಿಮಿಷಕ್ಕೆ ಮೇಲಿಂದ ಕೊಲೆಗಾರನ ಹೆಸರು ಬೀಳುತ್ತಂತೆ. ಉಳಿದ ಒಂದು ಗಂಟೆ ನಾನೇನು ನೋಡ್ಲಿ ಅಂತಿದಾರೆ. ನಲವತ್ತು ವರ್ಷದಿಂದ ನೋಡ್ತಿದ್ರೂ ಒಂದ್ಸಲಾನೂ ಅವರಿಗೆ ಮೊದಲೇ ಗೊತ್ತಾಗಿಲ್ವಂತೆ. ನಿಂಗೆ ಹೆಂಗೆ ಗೊತ್ತಾಗುತ್ತೆ ಅಂತ ಕೇಳ್ತಿದಾರೆ."

ಸುಶೀಲಮ್ಮ ಸೆರಗು ಕೆಳಗಿಳಿಸಿದರು. ಆರು ವರ್ಷದ ಮೇಲೆ ಒಬ್ಬರು ಅವರ ಅಭಿಪ್ರಾಯ ಕೇಳಲೆಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಸಂತೋಷಕ್ಕೆ ಕಣ್ಣು ತುಂಬಿತು. "ಕೂತ್ಕೊಳ್ಳೋಕೆ ಹೇಳು," ಎಂದರು, ತಮ್ಮ ಹಳೆಯ ದನಿಯಲ್ಲಿ.

ಒಪ್ಪಂದವಾಯಿತು. ಹೆಸರನ್ನು ಕೂಗುವಂತಿಲ್ಲ, ಬರೆದಿಡಬೇಕು. ಎಂಟೂ ನಲವತ್ತಕ್ಕೆ ಸುಶೀಲಮ್ಮ ಚೀಟಿ ಬರೆದು, ಮಡಚಿ, ಹಲ್ವಾ ಬಟ್ಟಲಿನ ಕೆಳಗಿಟ್ಟರು. ಒಂಬತ್ತರ ಹೊತ್ತಿಗೆ ಹೆರ್ ಕ್ರ್ಯೂಗರರ ಕೈ ಹಲ್ವಾಕ್ಕೆಂದು ಹೋದದ್ದು ಬಟ್ಟಲಿನ ಕೆಳಗೆ ನುಸುಳಿತು. ಸುಶೀಲಮ್ಮ ನೋಡಿಯೂ ಸುಮ್ಮನಿದ್ದರು. ಮುದುಕರು ಮೆಲ್ಲಗೆ ಚೀಟಿ ಬಿಡಿಸಿದರು. ಒಳಗೆ ದುಂಡು ದುಂಡಾದ ಕನ್ನಡ ಅಕ್ಷರ.

"ನೋಡಿದ್ಯೇನೋ ಸುಹಾಸ, ಕಾಪಿ ಹೊಡೆಯೋರು ಎಲ್ಲಾ ದೇಶದಲ್ಲೂ ಒಂದೇ!" ಎಂದು ಸುಶೀಲಮ್ಮ ಮನೆ ಹಾರಿಹೋಗುವಂತೆ ನಕ್ಕರು. ಯಾರೂ ಅವರನ್ನು ಸುಮ್ಮನಿರು ಎನ್ನಲಿಲ್ಲ. ಹೆರ್ ಕ್ರ್ಯೂಗರ್ ಕಿವಿಯವರೆಗೆ ಕೆಂಪಾದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಹೂವಿನಂಗಡಿಯ ವೇಬರ್ ಸಿಕ್ಕಿಬಿದ್ದ. ಸುಹಾಸ್ ಚೀಟಿ ಓದಿದ: ವೇಬರ್. ಮುದುಕರು ಎದ್ದು ನಿಂತು ಸುಶೀಲಮ್ಮನವರ ಕೈಕುಲುಕಿ, ಬರುವ ಭಾನುವಾರ ತಮ್ಮ ಮನೆಯಲ್ಲಿ ಧಾರಾವಾಹಿ, ಕೇಕು ಎಂದು ಕರೆದು ಹೋದರು.

ಬಾಗಿಲು ಹಾಕುತ್ತ ಮಧುಮತಿ ತುಟಿ ಕಚ್ಚಿ ನಗು ತಡೆದಳು. "ಅತ್ತೆ, ಜಗಳದಿಂದ ಶುರುವಾದದ್ದು ಅಂತ ಏನೋ ಹೇಳ್ತಿದ್ರಿ..."

"ಥೂ, ಹೋಗೇ! ಅವರ ಮನೇಲಿ ಟೀವಿ ದೊಡ್ಡದು, ಅದಕ್ಕೇ ಹೋಗೋದು," ಎಂದರು, ಆ ಮನೆಯ ಹೊಸ್ತಿಲನ್ನೂ ನೋಡಿರದ ಸುಶೀಲಮ್ಮ.

ಬಾಯಿ ಅಷ್ಟು ಹೇಳಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಹೆಗಲ ಮೇಲಿನ ಸೆರಗನ್ನು ಮುಟ್ಟಿ ಮುಟ್ಟಿ ಸರಿಮಾಡಿಕೊಳ್ಳುತ್ತಿತ್ತು.