ಹೆಂಕ್‌ನ ತೊರೆಯಲ್ಲಿ ಯಾರ ಹೆಜ್ಜೆ

ಕರಿಯಪ್ಪನಿಗೆ ಮೊದಲು ಅನುಮಾನ ಹುಟ್ಟಿದ್ದು ತುರಚೆ ಗಿಡಗಳನ್ನು ನೋಡಿ. ತೊರೆಯ ದಂಡೆಯಲ್ಲಿ ಎದೆಯೆತ್ತರ ಬೆಳೆದಿದ್ದ ಅವು ಒಂದೇ ಒಂದು ಕಡೆ ನೆಲಕಚ್ಚಿದ್ದವು. ದನ ತುಳಿದಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಒದ್ದೆ ಮಣ್ಣಿನ ಮೇಲೆ ಶೂ ಗುರುತು ಎದ್ದು ಕಾಣುತ್ತಿತ್ತು, ದನಗಳು ಶೂ ಹಾಕುವುದಿಲ್ಲ.

ಡಚ್ ಪಟ್ಟಣ ಎನ್ಸ್‌ಕೆಡೆಯ ಆಚೆ, ಜರ್ಮನಿಯ ಗಡಿಗೆ ಅಂಟಿಕೊಂಡಂತೆ ಹರಿಯುವ ಆ ತೊರೆ ಒಂದು ಜಿಗಿತಕ್ಕೆ ದಾಟುವಷ್ಟು ಸಣ್ಣದು. ಮೇಲೆ ಪೊದೆ, ಕೆಳಗೆ ಬೇರು, ನಡುವೆ ಒಂದಿಷ್ಟು ತಣ್ಣನೆಯ ನೀರು. ಯಾರೂ ತಂದು ಬಿಡದೆ ತಾವಾಗಿಯೇ ಹುಟ್ಟಿ ಬೆಳೆದ ಕಾಡು ಟ್ರೌಟ್ ಮೀನು ಈ ಚಪ್ಪಟೆ ದೇಶದಲ್ಲಿ ತೀರಾ ಅಪರೂಪ. ಅವು ಇಲ್ಲಿದ್ದವು. ಜಮೀನಿನ ಒಡೆಯ ಮುದುಕ ಹೆಂಕ್ ಕರಿಯಪ್ಪನನ್ನು ಒಳಗೆ ಬಿಟ್ಟಿದ್ದೇ ದೊಡ್ಡ ಮಾತು. ಮುಳ್ಳು ತೆಗೆದ ಕೊಕ್ಕೆ ಮಾತ್ರ ಬಳಸಬೇಕು, ಹಿಡಿದ ಮೀನನ್ನು ಅಲ್ಲೇ ಬಿಡಬೇಕು, ಊರಿಗೆಲ್ಲ ಸಾರಬಾರದು. ತಪ್ಪಿದರೆ ಗೇಟಿಗೆ ಬೀಗ.

ಕೊಡಗಿನಲ್ಲಿ ಮಾವನ ಬೆನ್ನಿಗೆ ಬಿದ್ದು ಕಾವೇರಿಯಲ್ಲಿ ಬಿಳಿಮೀನು ಹಿಡಿದು ಬೆಳೆದವನಿಗೆ ಈ ಸಣ್ಣ ನೀರು ಹುಚ್ಚು ಹಿಡಿಸಿತ್ತು. ವಾರವಿಡೀ ಕಂಪನಿಯ ಮೀಟಿಂಗುಗಳಲ್ಲಿ ತಲೆಯಾಡಿಸಿ, ಶನಿವಾರ ಬಂತೆಂದರೆ ಇಲ್ಲಿ ಮಂಡಿಯೂರಿ ತೆವಳುತ್ತಿದ್ದ. ಗಾಳದ ಕೋಲು ಬೀಸಲು ಜಾಗವೆಲ್ಲಿದೆ? ಗರಿ, ನೂಲು ಸುತ್ತಿ ತಾನೇ ಕಟ್ಟಿದ ಹುಸಿ ನೊಣವನ್ನು ಎರಡು ಬೆರಳಲ್ಲಿ ಹಿಡಿದು, ಕೋಲನ್ನು ಬಿಲ್ಲಿನಂತೆ ಬಗ್ಗಿಸಿ, ಕೊಂಬೆಗಳ ಸಂದಿಯಿಂದ ನೀರಿಗೆ ಹಾರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಮೀನು ಮಾಯ.

ಈ ಗುಟ್ಟು ಗೊತ್ತಿದ್ದ ಇನ್ನೊಬ್ಬನೆಂದರೆ ಋತ್ವಿಕ್. ಶೃಂಗೇರಿಯವನು, ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಹೋದ ಸೆಪ್ಟೆಂಬರಿನಲ್ಲಿ ಒಮ್ಮೆ ಜೊತೆಗೆ ಬರುತ್ತೇನೆಂದಾಗ ಕರಿಯಪ್ಪನೇ ಹೆಂಕ್‌ನ ಮುಂದೆ ನಿಂತು, ಇವನಿಗೆ ನಾನು ಹೊಣೆ ಎಂದಿದ್ದ.

ಆ ಶನಿವಾರ ಒಂದೂ ಮೀನು ನೊಣವನ್ನು ಮೂಸಲಿಲ್ಲ. ಬೇರಿನ ಬುಡದಲ್ಲಿ ಉಬ್ಬಿದ ಬಿಳಿ ಹುಳುವಿನಂಥದ್ದೇನೋ ತೇಲಿ, ಕೈಗೆ ಸಿಗುವ ಮೊದಲೇ ಹರಿದುಹೋಯಿತು. ಕರಿಯಪ್ಪನ ಮೈ ಉರಿಯಿತು. ಗಾಳದ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುವ ಹುಳು ತಂದು ಯಾರೋ ಕದ್ದು ಹಿಡಿಯುತ್ತಿದ್ದಾರೆ! ಬೇಲಿಯ ಮೇಲೆ ಕೂತಿದ್ದ ಬೂದು ಕೊಕ್ಕರೆಯೂ ತನ್ನನ್ನೇ ಆಡಿಕೊಳ್ಳುತ್ತಿದೆ ಎನ್ನಿಸಿತು.

"ಋತ್ವಿಕ್ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ," ಎಂದ ಮನೆಯಲ್ಲಿ.

ಹೆಂಡತಿ ನವ್ಯಾ ನಕ್ಕಳು. "ಈರುಳ್ಳಿ ತಿನ್ನೋಕೇ ಯೋಚ್ನೆ ಮಾಡೋ ಹುಡುಗ ಮೀನು ಹಿಡೀತಾನಾ? ಸುಮ್ನಿರಿ."

"ನಿಂಗೇನು ಗೊತ್ತು? ಮೊನ್ನೆ ಮಾರ್ಕೆಟ್ಟಲ್ಲಿ ಮೀನು ಕರಿಯೋ ಗಾಡಿ ಮುಂದೆ ನಿಂತಿದ್ದ."

"ಫ್ರೈಸ್ ತಗೊಳ್ಳೋಕೆ ನಿಂತಿರ್ತಾನೆ."

ಅನುಮಾನ ಒಮ್ಮೆ ಒಳಹೊಕ್ಕರೆ ಸಿಕ್ಕಿದ್ದೆಲ್ಲ ಸಾಕ್ಷಿಯೇ. ಋತ್ವಿಕ್‌ನ ಸೈಕಲ್ ಚಕ್ರಕ್ಕೆ ಮೆತ್ತಿದ್ದ ಕೆಸರು ಸಾಕ್ಷಿ. ಗುರುವಾರವೇ ಫೋನ್ ಮಾಡಿ "ಅಣ್ಣಾ, ಈ ಶನಿವಾರಾನೂ ಹೋಗ್ತೀರಾ?" ಎಂದು ಕೇಳುತ್ತಿದ್ದುದು ಇನ್ನೂ ದೊಡ್ಡ ಸಾಕ್ಷಿ. ತೊರೆ ಕಡೆ ಹೋಗಿದ್ದೆಯಾ ಎಂದು ಕೇಳಿದಾಗ ಅವನು ತಡವರಿಸಿ "ಇಲ್ಲಣ್ಣ" ಎಂದ. ತಮ್ಮನಂತೆ ಕಂಡವನು ಮುಖಕ್ಕೆ ಸುಳ್ಳು ಹೇಳಿದನಲ್ಲ ಎಂದು ಕರಿಯಪ್ಪನಿಗೆ ಕೋಪಕ್ಕಿಂತ ನೋವೇ ಹೆಚ್ಚಾಯಿತು.

ಶುಕ್ರವಾರ ಆಫೀಸಿನಿಂದ ಬೇಗ ಹೊರಟು ಪೊದೆಯ ಹಿಂದೆ ಅಡಗಿ ಕೂತ. ಮೇ ತಿಂಗಳ ಇಳಿಬಿಸಿಲು ಇನ್ನೂ ಚುರುಕಾಗಿತ್ತು. ಋತ್ವಿಕ್ ಬಂದ. ಸೀದಾ ಆ ಮಲಗಿದ ತುರಚೆ ಗಿಡಗಳ ಮೇಲೆ ಕೂತು ಬ್ಯಾಗು ತೆರೆದ. ಈಗ ಕೋಲು ಹೊರಬರುತ್ತದೆ ಎಂದು ಕರಿಯಪ್ಪ ಹಲ್ಲು ಕಚ್ಚಿದ.

ಹೊರಬಂದದ್ದು ಇಂಡಿಯನ್ ಅಂಗಡಿಯ ಮಂಡಕ್ಕಿ ಪೊಟ್ಟಣ.

ಒಂದು ಹಿಡಿ ಎರಚಿದ್ದೇ ತಡ, ನೀರು ಕುದಿದಂತೆ ಮೀನುಗಳು ಮೇಲೆದ್ದವು. ಕೆಂಪು ಚುಕ್ಕೆಯ ಆ ಮೈಗಳನ್ನು ಅಷ್ಟು ಒಟ್ಟಿಗೆ ಕರಿಯಪ್ಪ ಎಂದೂ ಕಂಡಿರಲಿಲ್ಲ.

"ಏನೋ ಇದು?" ಎನ್ನುತ್ತಾ ಎದ್ದು ಬಂದ.

ಋತ್ವಿಕ್ ಬೆಚ್ಚಿ ಪೊಟ್ಟಣವನ್ನು ಎದೆಗೆ ಅವುಚಿಕೊಂಡ. "ಸಾರಿ ಅಣ್ಣಾ. ನಮ್ಮೂರಲ್ಲಿ ಹೊಳೆ ಮೀನಿಗೆ ಮಂಡಕ್ಕಿ ಹಾಕ್ತೀವಿ. ಗಾಳ ಹಾಕೋ ಹಾಗೇ ಇಲ್ಲ ಅಲ್ಲಿ. ಅವತ್ತು ನೀವು ಹಿಡಿದ ಮೀನು ಬಾಯಿ ಬಾಯಿ ಬಿಡ್ತಿತ್ತಲ್ಲ... ಕಣ್ಣಿಂದ ಹೋಗ್ಲೇ ಇಲ್ಲ."

"ಅದನ್ನ ವಾಪಸ್ ಬಿಟ್ಟೆನಲ್ಲ ಮಾರಾಯ!"

"ಬಿಟ್ರಿ. ಮುಂದಿನ ಶನಿವಾರ ಮತ್ತೆ ಹಿಡೀತೀರಲ್ಲ. ಹಿಂದಿನ ದಿನಾನೇ ಹೊಟ್ಟೆ ತುಂಬಿಸಿದ್ರೆ ನಿಮ್ಮ ಗಾಳಕ್ಕೆ ಬಾಯಿ ಹಾಕಲ್ಲ ಅಂದ್ಕೊಂಡೆ. ನಿಮಗೆ ಹೇಳೋ ಧೈರ್ಯ ಬರ್ಲಿಲ್ಲ."

ಕರಿಯಪ್ಪನಿಗೆ ನಗು ಬಂತು, ನಾಚಿಕೆಯೂ ಆಯಿತು. ಇವನನ್ನು ಕಳ್ಳ ಎಂದುಕೊಂಡೆನಲ್ಲ! ಬೈಯಬೇಕೆಂದು ಕಲಿತುಬಂದ ಮಾತೆಲ್ಲ ಮರೆತುಹೋಯಿತು. ಆಗ ನೀರಿನ ಕಡೆ ನೋಡಿದ. ನಗು ಅಲ್ಲೇ ನಿಂತಿತು.

ಇಬ್ಬರೂ ನೆಟ್ಟಗೆ ನಿಂತಿದ್ದರು. ಇಬ್ಬರ ನೆರಳೂ ನೀರಿನ ಮೇಲಿತ್ತು. ಮೀನು ಓಡಲಿಲ್ಲ. ನೆರಳಿನ ಕೆಳಗೇ ಬಂದು ಮೂತಿ ಎತ್ತಿ ಕಾಯುತ್ತಿದ್ದವು.

"ಹಿಂದೆ ಸರಿ," ಎಂದು ಋತ್ವಿಕ್‌ನ ತೋಳು ಹಿಡಿದು ಎಳೆದ. ಇಬ್ಬರೂ ಪೊದೆಯ ಮರೆಗೆ ಹೋದರು. ಬೇಲಿಯ ಮೇಲಿದ್ದ ಕೊಕ್ಕರೆ ಇದಕ್ಕೇ ಕಾದಿದ್ದಂತೆ ಇಳಿದು, ಅವರು ನಿಂತಿದ್ದ ಜಾಗದಲ್ಲೇ ನಿಂತಿತು. ಅದರ ನೆರಳಿಗೂ ಮೀನು ಬಂದವು. ಅದು ಕುತ್ತಿಗೆ ಚಾಚಿದ್ದು ಒಂದೇ ಸಲ. ಚುಕ್ಕೆಯ ಬಾಲ ಕೊಕ್ಕಿನಲ್ಲಿ ಒದ್ದಾಡಿ ಒಳಗೆ ಹೋಯಿತು.

"ಅಯ್ಯೋ!" ಎಂದು ಋತ್ವಿಕ್ ಕಿರುಚಿದ. ಕೊಕ್ಕರೆ ಸಾವಕಾಶವಾಗಿ ಹಾರಿಹೋಯಿತು.

"ದಿನಾ ಬರುತ್ತೆ ಅದು," ಎಂದ ಕರಿಯಪ್ಪ. "ನಾಳೆ ಬಲೆ ಹಿಡ್ಕೊಂಡು ಯಾರಾದ್ರೂ ಬಂದ್ರೆ ಅವರ ಹತ್ರಾನೂ ಹೀಗೇ ಹೋಗ್ತಾವೆ."

ಕರಿಯಪ್ಪ ಬಗ್ಗಿ ಸಣ್ಣ ಕಲ್ಲುಗಳನ್ನು ಆರಿಸಿ ಋತ್ವಿಕ್‌ನ ಕೈಗಿಟ್ಟ.

"ಎಸಿ. ಮೈಗೆ ತಾಗಬಾರ್ದು, ಪಕ್ಕಕ್ಕೆ ಎಸಿ. ಮನುಷ್ಯನ ನೆರಳು ಕಂಡ್ರೆ ಓಡ್ಬೇಕು ಅವು."

"ನನ್ ಕೈಲಿ ಆಗಲ್ಲ ಅಣ್ಣಾ."

"ಈ ವರ್ಷ ನಾನೂ ಗಾಳ ತರಲ್ಲ. ಇಬ್ಬರೂ ಬರೋಣ, ಇದೇ ಕೆಲಸಕ್ಕೆ."

ಋತ್ವಿಕ್ ದಂಡೆಗೆ ಹೋಗಿ ನಿಂತ. ಅವನನ್ನು ಕಂಡು ಮೀನುಗಳು ಮೇಲೆ ಬಂದವು. ಅವನು ಕಲ್ಲೆಸೆದ. ನೀರು ಸಿಡಿದು ಎಲ್ಲವೂ ಬೇರಿನಡಿ ಮಾಯವಾದವು. ಸ್ವಲ್ಪ ಹೊತ್ತಿಗೆ ಒಂದು ಮರಿ ಮಾತ್ರ ಹಿಂತಿರುಗಿ, ಅವನ ಕಾಲ ಬುಡದಲ್ಲೇ ಮೂತಿ ಎತ್ತಿತು.

"ಇನ್ನೊಂದು," ಎಂದ ಕರಿಯಪ್ಪ ಮೆಲ್ಲಗೆ.

ಋತ್ವಿಕ್ ತೋಳಿನಿಂದ ಕಣ್ಣೊರೆಸಿಕೊಂಡು ಕೈಯೆತ್ತಿದ.