ಕಾಲಡಿಯ ಹಗ್ಗ

ಹಾಯಿ ಮಡಚಲು ಹಡಗಿನ ಕಂಬದ ಮೇಲಿನ ಅಡ್ಡಮರಕ್ಕೆ ಹತ್ತುವವರು, ಅದರ ಕೆಳಗೆ ಜೋತುಬಿದ್ದ ಹಗ್ಗದ ಮೇಲೆ ಕಾಲಿಡುವ ಮುನ್ನ "ಬಂದೆ!" ಎಂದು ಕೂಗಬೇಕು. ಇಲ್ಲದಿದ್ದರೆ ಹಗ್ಗ ಧಡಕ್ಕನೆ ಕುಲುಕಿ, ಮೊದಲೇ ಅದರ ಮೇಲೆ ನಿಂತವನು ಸಮುದ್ರದ ಪಾಲಾಗಬಹುದು. ವೆರ್ನರ್ ಮಾತ್ರ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೂಗಿದವನಲ್ಲ. ಜೊತೆಗಾರ ಆಲ್ಗೊಟ್ ಪ್ರತಿ ಸಲವೂ ಅವನ ಜನ್ಮ ಜಾಲಾಡುತ್ತಿದ್ದ.

ಗೋಧಿ ಹೊತ್ತು ದಕ್ಷಿಣ ಅಮೆರಿಕದ ಕೊನೆಯ ತುದಿ ಕೇಪ್ ಹಾರ್ನಿನತ್ತ ಹೊರಟಿದ್ದ ಹಡಗಿನಿಂದ ಅಲೆಯೊಂದು ವೆರ್ನರನನ್ನು ಎಳೆದುಕೊಂಡು ಹೋಗಿ ಇವತ್ತಿಗೆ ಒಂಬತ್ತು ದಿನ. ಅಂದಿನಿಂದ ಆಲ್ಗೊಟ್ ಯಾರೊಂದಿಗೂ ತುಟಿ ಬಿಚ್ಚಿರಲಿಲ್ಲ. ಅಡ್ಡಮರದ ತುದಿಯಲ್ಲಿ ಒಬ್ಬನೇ ನಿಂತು, ಚಳಿಗೆ ಹೆಪ್ಪುಗಟ್ಟಿ ಹಲಗೆಯಂತಾಗಿದ್ದ ಹಾಯಿಯನ್ನು ಗುದ್ದಿ ಗುದ್ದಿ ಮಡಚುತ್ತಿದ್ದ. ಇದ್ದಕ್ಕಿದ್ದಂತೆ ಕಾಲಡಿಯ ಹಗ್ಗ ಧಡಕ್ಕನೆ ಕುಲುಕಿತು.

"ಕೂಗೋಕೆ ಏನೋ ರೋಗ ನಿಂಗೆ, ವೆರ್ನರ್? ಬಾಯ್ತುಂಬ ಹೊಗೆಸೊಪ್ಪು ತುರುಕ್ಕೊಂಡಿದ್ದೀಯಾ?" ಎಂದು ಗದರಿದ. ಗದರುತ್ತಲೇ ಅವನ ಮುಖ ಅರಳಿತ್ತು.

"ನಾನು ಇಸಾಕ್, ಅಣ್ಣಾ," ಎಂದಿತು ಪಕ್ಕದ ದನಿ. ವೆರ್ನರನ ಜಾಗಕ್ಕೆ ಹಾಕಿದ್ದ ಆಳು. "ತಪ್ಪಾಯ್ತು. ಇನ್ಮೇಲೆ ಕೂಗೇ ಬರ್ತೀನಿ."

ಆಲ್ಗೊಟ್ ಅತ್ತ ತಿರುಗಿ ನೋಡಲಿಲ್ಲ.

"ಬೇಡ ಕಣೋ," ಎಂದ. "ಹಾಗೇ ಬಾ."